ಒಂಬತ್ತು ಬೋಲ್ಟಿನ ಭಾನುವಾರ

ರಾತ್ರಿ ಮಲಗುವಾಗ ರಬ್ಬರ್ ಬಿಲ್ಲೆಗಳು ಎರಡಿದ್ದವು. ಬೆಳಿಗ್ಗೆ ನೋಡಿದರೆ ಒಂದೇ ಇತ್ತು.

ಗುಮಾಸ್ತ ಮಂಚದ ಕೆಳಗೆ ಹುಡುಕಿದ, ಬಾಗಿಲ ಹಿಂದೆ ಹುಡುಕಿದ, ಹಿತ್ತಿಲಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಸುತ್ತ ಅಂಬೆಗಾಲಿಟ್ಟು ಬಂದ. ಕೊನೆಗೆ ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಬಿಲ್ಲೆ ಕಣ್ಣಿಗೆ ಬಿತ್ತು. ಅದರ ಮೇಲೆ ಒಲೆಯಿಂದ ಆಗಷ್ಟೇ ಇಳಿಸಿದ ಹಾಲಿನ ಪಾತ್ರೆ ರಾಜನ ಹಾಗೆ ಕೂತಿತ್ತು.

"ಅತ್ತೇ, ಅದು ನನ್ನ ಗಾಡೀದು!"

"ಯಾವುದು ಅಳಿಯಂದ್ರೇ, ಈ ಮಣೆಯಾ?" ಅತ್ತೆ ಪಾತ್ರೆಯನ್ನು ಎತ್ತಿದರು. "ಎಷ್ಟು ಚೆನ್ನಾಗಿದೆ ನೋಡಿ, ಪಾತ್ರೆ ಒಂಚೂರೂ ಜಾರಲ್ಲ. ಇನ್ನೊಂದು ಇದ್ಯಂತಲ್ಲ, ಅದನ್ನೂ ಕೊಟ್ಬಿಡಿ. ದೊಡ್ಡ ಪಾತ್ರೆಗಾಗತ್ತೆ."

ಬಿಲ್ಲೆಯ ಮೇಲೆ ಪಾತ್ರೆಯ ತಳ ದುಂಡಗೆ ಅಚ್ಚಾಗಿತ್ತು. ಗುಮಾಸ್ತ ಅದನ್ನು ಎದೆಗವಚಿಕೊಂಡು ಹಿತ್ತಿಲಿಗೆ ಓಡಿದ. ಅಳಿಯ ಹೀಗೆ ಕಸಿದುಕೊಂಡು ಹೋದದ್ದು ಅತ್ತೆಯ ಮನಸ್ಸಿಗೆ ಚುಚ್ಚಿತು. ಆವತ್ತು ಇಡೀ ದಿನ ಅವರು ಯಾವ ಪಾತ್ರೆಯನ್ನು ಎಲ್ಲಿಡುವಾಗಲೂ "ಇಲ್ಲಿ ಇಡಬಹುದಾ, ಯಾರದಾದರೂ ಗಾಡೀದಾ?" ಎಂದು ಮನೆಗೆಲ್ಲ ಕೇಳಿಸುವಂತೆ ಕೇಳಿಯೇ ಇಟ್ಟರು.

ಗುಮಾಸ್ತ ಕೆಲಸ ಮಾಡುತ್ತಿದ್ದದ್ದು ಲಕೋಟೆ ತಯಾರಿಸುವ ಕಂಪನಿಯಲ್ಲಿ. ಕಂಪನಿ ಗುಡ್ಡದ ಮೇಲೆ. ಇವನ ಮನೆ ಗುಡ್ಡದ ಬುಡದಲ್ಲಿ. ನಡುವಿನ ರಸ್ತೆ ಏಣಿಯ ಹಾಗೆ ನೆಟ್ಟಗೆ ನಿಂತಿತ್ತು. ಸೈಕಲ್ಲನ್ನು ತುಳಿದು, ಆಮೇಲೆ ತಳ್ಳಿ, ಆಮೇಲೆ ಅದಕ್ಕೇ ಒರಗಿ ನಿಂತು ಸುಧಾರಿಸಿಕೊಂಡು, ಇವನು ಮೇಲೆ ಮುಟ್ಟುವ ಹೊತ್ತಿಗೆ, ಕೆಳಗಿನಿಂದಲೇ ಬರುತ್ತಿದ್ದ ಗಟ್ಟಿ ಕಾಲಿನ ಉಳಿದವರು ಒಂದು ಕಂತೆ ಲಕೋಟೆ ಮಡಚಿ ಮುಗಿಸಿರುತ್ತಿದ್ದರು. ಕಂಪನಿಯ ಯಜಮಾನರು ಇವನಿಗೆ ಲೇಟಪ್ಪ ಎಂದು ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗಲೂ ಯಾರ ಬಾಯಿಗೂ ಬರುತ್ತಿರಲಿಲ್ಲ.

ಶನಿವಾರ ಸಂಜೆ ಯಜಮಾನರು ಎಲ್ಲರೆದುರಿಗೆ ಹೇಳಿದ್ದರು. "ಸೋಮವಾರದಿಂದ ಗಂಟೆ ಹೊಡೆದ ತಕ್ಷಣ ಬಾಗಿಲಿಗೆ ಅಗುಳಿ. ಹೊರಗಿರೋನು ಹೊರಗೇ. ಮೂರು ದಿನ ಹೊರಗಿದ್ರೆ ಆಮೇಲೆ ಒಳಗೆ ಬರೋದೇ ಬೇಡ. ನಾನು ಯಾರ ಹೆಸರೂ ಹೇಳ್ತಾ ಇಲ್ಲ, ಲೇಟಪ್ಪ."

ಆದ್ದರಿಂದ ಎಂಜಿನ್ನು. ಯಾರೋ ಬಳಸಿ ಬಿಟ್ಟಿದ್ದ, ಸೈಕಲ್ಲಿಗೆ ಜೋಡಿಸುವ ಪುಟ್ಟ ಎಂಜಿನ್ನನ್ನು ಗುಮಾಸ್ತ ತಿಂಗಳ ಹಿಂದೆಯೇ ತಂದಿದ್ದ. ಈಗ ಶನಿವಾರ ರಾತ್ರಿ ಹಟ ಹಿಡಿದು ಕೂತು ಅದನ್ನು ಸೈಕಲ್ಲಿನ ಹೊಟ್ಟೆಗೆ ಕಟ್ಟಿಯೂ ಆಗಿತ್ತು. ಉಳಿದದ್ದು ಹಿಂದಿನ ಹಲ್ಲುಚಕ್ರ ಒಂದೇ. ಎಂಜಿನ್ನಿನ ಚೈನು ಎಳೆಯುವುದು ಅದನ್ನು, ಅದು ತಿರುಗಿಸುವುದು ಗಾಲಿಯನ್ನು. ಅದನ್ನು ಗಾಲಿಯ ಕಡ್ಡಿಗಳಿಗೇ ಬಿಗಿಯಬೇಕು. ಕಡ್ಡಿಗಳ ಆಚೆಗೊಂದು ಈಚೆಗೊಂದು ರಬ್ಬರ್ ಬಿಲ್ಲೆ, ಹೊರಗಡೆ ಹಲ್ಲುಚಕ್ರ, ಒಳಗಡೆ ಅರ್ಧಚಂದ್ರದಂಥ ಕಬ್ಬಿಣದ ಪಟ್ಟಿಗಳು, ಎಲ್ಲವನ್ನೂ ಪೋಣಿಸಿ ಹಿಡಿಯಲು ಒಂಬತ್ತು ಬೋಲ್ಟು. ತಿಂಡಿಗೆ ಮುಂಚೆ ಮುಗಿದುಹೋಗುವ ಕೆಲಸ ಎಂದು ಹೆಂಡತಿಗೆ ಹೇಳಿದ್ದ.

ಮೊದಲ ಬೋಲ್ಟು ತೂರಿಸುತ್ತಿದ್ದ ಹಾಗೆ ಮಹಡಿಯಿಂದ ಒಂದು ಸೀಟಿ ಕೇಳಿಸಿತು. ಮೇಲಿನ ಮನೆಯ ಗಾರ್ಡ್ ಮಾವ ಇಳಿದು ಬರುತ್ತಿದ್ದರು. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಗಾಲಿ ಇರುವ ಯಾವುದೇ ವಸ್ತು ತಮ್ಮ ಇಲಾಖೆಗೆ ಸೇರಿದ್ದು ಎಂಬುದು ಅವರ ನಂಬಿಕೆ. ಮಗುವಿನ ತಳ್ಳುಗಾಡಿಯನ್ನೂ ತಪಾಸಣೆ ಮಾಡದೆ ಬಿಟ್ಟವರಲ್ಲ. ಬರುವಾಗ ತಮ್ಮ ಮಡಚುವ ಕುರ್ಚಿಯನ್ನೂ ತಂದರು, ಬಿಡಿಸಿದರು, ಕೂತರು.

"ಏನಪ್ಪಾ ಇದು, ಗಾಲಿ ಒಳಗೆ ಗಾಲಿ ಕೂರಿಸ್ತಿದೀಯ?"

"ಹಲ್ಲುಚಕ್ರ ಮಾವ. ನಡುಮಧ್ಯಕ್ಕೆ ಕೂರಬೇಕು. ಸ್ವಲ್ಪ ಆಚೀಚೆ ಆದ್ರೂ ಚೈನು ಕಳಚಿಬಿಡತ್ತೆ."

"ನನಗೆ ಹೇಳ್ತೀಯಾ! ನಾನು ಕೊನೇ ಡಬ್ಬಿಯಲ್ಲಿ ಕೂತು ಮುಂದಿನ ಅಷ್ಟೂ ಗಾಲೀನ ನೋಡ್ಕೊಂಡವನು. ನೀನು ಕೈಬಿಡು. ನಾನು ಹಿಡೀತೀನಿ, ನೀನು ಬಿಗಿ."

ಮಾವ ಗಾಲಿ ಹಿಡಿದರು. ಹಿಡಿದವರು ಸುಮ್ಮನಿರಲಿಲ್ಲ, ಒಂದು ಸಿಗ್ನಲ್ ಕಂಬ ಬಿದ್ದ ಕತೆ ಹೇಳತೊಡಗಿದರು. ಕಂಬ ಬಲಕ್ಕೆ ವಾಲಿದಾಗ ಗಾಲಿಯೂ ಬಲಕ್ಕೆ ವಾಲಿತು. ಕಂಬವನ್ನು ಮತ್ತೆ ನಿಲ್ಲಿಸಿದರೂ ಹಲ್ಲುಚಕ್ರ ಎಲ್ಲಿ ವಾಲಿತ್ತೋ ಅಲ್ಲೇ ಬಿಗಿದುಕೊಂಡಿತು. ಕತೆ ಮುಗಿದ ಮೇಲೆ ಗುಮಾಸ್ತ ಗಾಲಿ ತಿರುಗಿಸಿ ನೋಡಿದ. ಹಲ್ಲುಚಕ್ರ ನಿದ್ದೆಗಣ್ಣಿನಲ್ಲಿ ಎದ್ದು ಬಾಗಿಲು ಹುಡುಕುವವನ ಹಾಗೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಗಾಡುತ್ತ ತಿರುಗಿತು.

"ಅಲ್ಲಾಡ್ತಿದೆ ಮಾವ."

"ನಿಂತಲ್ಲಿ ಎಲ್ಲವೂ ಅಲ್ಲಾಡತ್ತೆ. ಓಡೋವಾಗ ತಾನೇ ಸರಿಹೋಗತ್ತೆ. ಹೊರಡು."

ಮಾವ ಸೀಟಿ ಊದಿದರು. ಆ ಸೀಟಿಗೆ ಎಷ್ಟೋ ವರ್ಷ ರೈಲುಗಳೇ ಹೊರಟಿದ್ದವು. ಗುಮಾಸ್ತ ಯಾವ ಲೆಕ್ಕ? ಎಂಜಿನ್ನು ಕೆಮ್ಮಿತು, ಗೊರಗೊರ ಎಂದಿತು, ಸೈಕಲ್ಲು ಹೊರಟಿತು. ಅಕ್ಕಪಕ್ಕದ ಕಿಟಕಿಗಳು ತೆರೆದವು. ಬೀದಿಯ ಕೊನೆಯ ತಿರುವಿನವರೆಗೆ ಗುಮಾಸ್ತ ಸುಖವಾಗಿಯೇ ಹೋದ. ತಿರುವಿನಲ್ಲಿ ಚೈನು ಹಲ್ಲುಚಕ್ರದಿಂದ ಕಳಚಿ, ಹತ್ತಿರದಲ್ಲಿ ಸಿಕ್ಕ ಪ್ಯಾಂಟಿನ ಎಡಗಾಲನ್ನು ಹಿಡಿದುಕೊಂಡಿತು.

ಅವನು ಸೈಕಲ್ ತಳ್ಳಿಕೊಂಡು ವಾಪಸು ಬಂದಾಗ ಪ್ಯಾಂಟು ಬಲಗಾಲಲ್ಲಿ ಪಾದದವರೆಗೆ, ಎಡಗಾಲಲ್ಲಿ ಮಂಡಿಯವರೆಗೆ ಇತ್ತು.

"ರೀ, ಪೆಟ್ಟಾಯ್ತಾ?" ಎಂದು ಹೆಂಡತಿ ಓಡಿ ಬಂದಳು.

"ನನಗೇನಿಲ್ಲ."

"ಹಾಗಾದ್ರೆ ಸರಿ," ಎಂದು ಅವಳು ಪ್ಯಾಂಟನ್ನು ನೋಡಿದಳು. "ನಾಳೆ ಆಫೀಸಿಗೆ ಇದನ್ನೇ ಅಲ್ವಾ ಇಸ್ತ್ರಿ ಮಾಡಿಟ್ಟಿದ್ದು?"

ಅದನ್ನೇ. ಗುಮಾಸ್ತ ಒಳಗೆ ಹೋಗಿ ಲುಂಗಿ ಸುತ್ತಿಕೊಂಡು ಬಂದ.

ಅಷ್ಟರಲ್ಲಿ ಪಕ್ಕದ ಮನೆಯ ಪೈಲ್ವಾನ್ ಗೋಡೆ ಹಾರಿ ಬಂದಿದ್ದ. ಬೆಳಿಗ್ಗೆ ಸಂಜೆ ಕಬ್ಬಿಣದ ಗುಂಡು ಎತ್ತುವುದು, ನಡುವೆ ಎತ್ತಲು ಬೇರೇನಾದರೂ ಸಿಗುತ್ತದೆಯೋ ಎಂದು ನೋಡುವುದು, ಇದು ಅವನ ದಿನಚರಿ. ಒಳ್ಳೆಯ ಮನಸ್ಸಿನವನು. ಕೈಗಳು ಮಾತ್ರ ಮನಸ್ಸಿಗಿಂತ ಬಹಳ ದೊಡ್ಡವು.

"ಅಣ್ಣಾ, ಬೋಲ್ಟು ಲೂಸು. ಅದಕ್ಕೇ ಕಳಚಿದ್ದು. ಇಲ್ಲಿ ಕೊಡಿ ಪಾನ."

"ಲೂಸಲ್ಲ ತಮ್ಮಾ, ಓರೆಯಾಗಿದೆ. ಮೊದಲು ಎಲ್ಲ ಸಡಿಲ ಮಾಡಿ..."

"ಸಡಿಲ ಮಾಡಿದ್ರೆ ಇನ್ನೂ ಲೂಸಾಗತ್ತೆ ಅಣ್ಣಾ," ಎಂದು ಪೈಲ್ವಾನ್ ಮಗುವಿಗೆ ತಿಳಿಹೇಳುವಂತೆ ಹೇಳಿದ.

ಅವನು ಪಾನ ಹಾಕಿ ಒಂದು ಬೋಲ್ಟು ಬಿಗಿದ. ರಬ್ಬರ್ ಬಿಲ್ಲೆ ಅಂಚಿನಲ್ಲಿ ಉಬ್ಬಿ, ಬಿಗಿ ಅಂಗಿಯ ಹೊಟ್ಟೆಯ ಹಾಗೆ ಹೊರಗೆ ಬಂತು. ಎರಡನೆಯದನ್ನು ಬಿಗಿದ. ಕಡ್ಡಿಗಳು ಕಿರ್ ಎಂದವು. ಗುಮಾಸ್ತ "ಸಾಕು" ಎಂದ. ಮಾವ "ಇನ್ನೊಂದು ಸುತ್ತು" ಎಂದರು. ಪೈಲ್ವಾನ್ ಹಿರಿಯರ ಮಾತು ಕೇಳಿದ. ಟಣ್ ಎಂದು ಬೋಲ್ಟಿನ ತಲೆ ಹಾರಿ, ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ, ಅಡುಗೆಮನೆಯಲ್ಲಿ ಯಾವುದೋ ಪಾತ್ರೆಗೆ ಬಡಿಯಿತು.

"ಇದು ಯಾರ ಗಾಡೀದು?" ಎಂದು ಅತ್ತೆಯ ದನಿ ಕೇಳಿಸಿತು.

ಒಂಬತ್ತರಲ್ಲಿ ಒಂದು ಹೋಯಿತು. ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಗುಮಾಸ್ತ ಮನೆಯಲ್ಲಿದ್ದ ತಗಡಿನ ಡಬ್ಬಿಯನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದ. ಮೊಳೆ, ಗುಂಡಿ, ತುಕ್ಕುಹಿಡಿದ ಕೀಲಿಕೈ, ಯಾವತ್ತೋ ಕಳೆದುಹೋಗಿ ಜಗಳಕ್ಕೆ ಕಾರಣವಾಗಿದ್ದ ಹೆಂಡತಿಯ ಕಿವಿಯೋಲೆ ಸಿಕ್ಕಿತು. ಬೋಲ್ಟು ಸಿಗಲಿಲ್ಲ. ಓಲೆಯನ್ನು ಹೆಂಡತಿಗೆ ಕೊಟ್ಟರೆ ಅವಳು, "ನಾನು ಆವತ್ತೇ ಹೇಳಿದ್ದೆ, ನೀವೇ ಎಲ್ಲೋ ಇಟ್ಟಿದೀರ ಅಂತ," ಎಂದು ಹಳೆಯ ಜಗಳವನ್ನು ನಿಲ್ಲಿಸಿದ ಜಾಗದಿಂದಲೇ ಶುರುಮಾಡಿದಳು.

ಅವನು ಹೊರಗೆ ಬಂದಾಗ ಪೈಲ್ವಾನ್ ಮುಖ ಅರಳಿಸಿಕೊಂಡು ನಿಂತಿದ್ದ. ಕೈಯಲ್ಲಿ ಒಂದು ಬೋಲ್ಟು ಇತ್ತು. ಗಟ್ಟಿಮುಟ್ಟಾದ, ಸರಿಯಾದ ಅಳತೆಯ ಬೋಲ್ಟು.

"ಎಲ್ಲಿತ್ತು ತಮ್ಮಾ?"

"ಇತ್ತು ಅಣ್ಣಾ, ಇಲ್ಲೇ," ಎಂದ ಪೈಲ್ವಾನ್.

ಅದೇ ಹೊತ್ತಿಗೆ, ಮೇಲೆ ಹೋಗಿ ಕನ್ನಡಕ ಹಾಕಿಕೊಂಡು ಬಂದ ಗಾರ್ಡ್ ಮಾವ ತಮ್ಮ ಮಡಚುವ ಕುರ್ಚಿಯಲ್ಲಿ ಕೂತರು. ಕುರ್ಚಿ ಯಾವ ಸದ್ದೂ ಮಾಡದೆ, ಬಹಳ ಮರ್ಯಾದೆಯಿಂದ, ಮಾವನ ಸಮೇತ ಮಡಚಿಕೊಂಡಿತು.

ಎಬ್ಬಿಸಿ, ಧೂಳು ಕೊಡವಿ, ಕನ್ನಡಕ ಹುಡುಕಿ ಕೊಟ್ಟದ್ದಾಯಿತು. ಮಾವ ಕುರ್ಚಿಯ ತೂತನ್ನು ನೋಡಿದರು, ಪೈಲ್ವಾನನ ಕೈಯನ್ನು ನೋಡಿದರು.

"ಇಪ್ಪತ್ತು ವರ್ಷ ರೈಲು ಅಲ್ಲಾಡಿಸಿದ್ರೂ ನಾನು ಬಿದ್ದವನಲ್ಲ ಕಣೋ! ನೀನು ನಿಂತ ನೆಲದ ಮೇಲೆ ಬೀಳಿಸಿದೆಯಲ್ಲೋ!"

"ನೀವು ಮೇಲೆ ಹೋದ್ರಲ್ಲ ಮಾವ, ಇನ್ನು ಬರಲ್ವೇನೋ ಅಂದ್ಕೊಂಡೆ."

"ಬರಲ್ಲ ಅಂದ್ರೆ? ನಾನೇನು ಪೂರ್ತಿ ಮೇಲೆ ಹೋದ್ನಾ?"

ಜಗಳ ಬೀದಿಗೆ ಬಂತು. ಎದುರು ಸಾಲಿನ ಇಬ್ಬರು ಮಾವನ ಪಕ್ಷ ಹಿಡಿದರು, ಒಬ್ಬರು ಪೈಲ್ವಾನನ ಪಕ್ಷ. ಸೈಕಲ್ಲಿನ ಪಕ್ಷಕ್ಕೆ ಗುಮಾಸ್ತ ಒಬ್ಬನೇ. ಬೋಲ್ಟು ವಾಪಸು ಬೇಕೆಂದು ಮಾವ ಪಟ್ಟುಹಿಡಿದರು. ಕೊನೆಗೆ ಹೆಂಡತಿ ಅಡುಗೆಮನೆಯಿಂದ ಸ್ಟೂಲು ತಂದು, "ಮಾವ, ಇದು ನಿಮಗೇ ಇರ್ಲಿ. ಇದಕ್ಕೆ ಬೋಲ್ಟೇ ಇಲ್ಲ, ಯಾರೂ ಬಿಚ್ಚೋಕಾಗಲ್ಲ," ಎಂದಳು. ಮಾವ ಸ್ಟೂಲನ್ನು ಎರಡು ಕೈಯಲ್ಲಿ ಅಲುಗಿಸಿ ನೋಡಿ, ಒಪ್ಪಿಕೊಂಡು, ಮೇಲೆ ಹೊತ್ತುಕೊಂಡು ಹೋದರು. ಪೈಲ್ವಾನನಿಗೆ ಅವಳು, "ನೀನು ಊಟ ಮಾಡಿ ಮಲಕ್ಕೋ ತಮ್ಮಾ, ಬೆಳಿಗ್ಗೆಯಿಂದ ಎಷ್ಟು ದುಡಿದೆ," ಎಂದಳು. ಇಬ್ಬರೂ ಹೋದ ಮೇಲೆ ಬೀದಿ ಬಾಗಿಲಿಗೆ ಅಗುಳಿ ಹಾಕಿ, ಗಂಡನ ಕಡೆ ತಿರುಗಿದಳು.

"ರೀ, ಈಗ ಯಾರೂ ಇಲ್ಲ. ನಿಮಗೆ ಹೇಗೆ ತೋಚತ್ತೋ ಹಾಗೆ ಮಾಡಿ."

ಗುಮಾಸ್ತನಿಗೆ ಹಾಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಅವನು ಗಾಲಿಯನ್ನು ಮತ್ತೆ ಬಿಚ್ಚಿದ. ಮುರಿದದ್ದರ ಜಾಗಕ್ಕೆ ಕುರ್ಚಿಯ ಬೋಲ್ಟು ತೂರಿಸಿ, ಒಂಬತ್ತನ್ನೂ ಕೈಯಲ್ಲಿ ತಿರುಗುವಷ್ಟು ಸಡಿಲ ಮಾಡಿದ. ಬಗ್ಗಿದ್ದ ಎರಡು ಕಡ್ಡಿಗಳನ್ನು ನೆಟ್ಟಗೆ ಮಾಡಿ, ಗಾಲಿಯನ್ನು ಸೈಕಲ್ಲಿಗೆ ಏರಿಸಿ, ಒಂದು ಪೆನ್ಸಿಲನ್ನು ಅದರ ಮೊನೆ ಹಲ್ಲುಗಳಿಗೆ ತಾಗೀತೋ ತಾಗಲಾರದೋ ಎಂಬಂತೆ ಹಿಂದಿನ ಕವಲಿಗೆ ಕಟ್ಟಿದ. ಗಾಲಿ ತಿರುಗಿಸಿದರೆ ಕೆಲವು ಹಲ್ಲುಗಳು ಪೆನ್ಸಿಲಿಗೆ ಉಜ್ಜುತ್ತಿದ್ದವು, ಕೆಲವು ದೂರ ಉಳಿಯುತ್ತಿದ್ದವು. ಉಜ್ಜಿದ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿದ. ಮತ್ತೆ ತಿರುಗಿಸಿದ. ಮತ್ತೆ ಒತ್ತಿದ. ನಡು ಸಿಕ್ಕಿತು ಅನ್ನಿಸಿದ ಮೇಲೆ ಒಂದು ಬೋಲ್ಟಿಗೆ ಕಾಲು ಸುತ್ತು, ಅದರ ಎದುರುಬದಿಯದಕ್ಕೆ ಕಾಲು ಸುತ್ತು, ಹೀಗೆ ಎದುರುಬದುರಾಗಿ ಸುತ್ತಿಬಂದ. ಎಲ್ಲೂ ಅವಸರ ಮಾಡಲಿಲ್ಲ. ಲಕೋಟೆಯ ಕಿವಿಗೆ ಅಂಟು ಸವರುವ ಕೈ ಅದು. ಎಷ್ಟು ಸಾಕು ಎಂಬುದು ಆ ಕೈಗೆ ಗೊತ್ತಿತ್ತು. ಆದರೆ ಕಂಪನಿಯಲ್ಲಿ ಯಾರೂ ಆ ಕೈಯನ್ನು ನೋಡುತ್ತಿರಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದರು.

ಬಿಸಿಲು ಹಿತ್ತಿಲ ಗೋಡೆ ಹತ್ತುವ ಹೊತ್ತಿಗೆ ಗಾಲಿಯನ್ನು ಜೋರಾಗಿ ತಿರುಗಿಸಿದ. ಹಲ್ಲುಗಳೆಲ್ಲ ಒಂದೇ ಗೆರೆಯಾಗಿ, ನಿಂತ ನೀರಿನ ಹಾಗೆ ಕಂಡವು. ಪೆನ್ಸಿಲು ಸಣ್ಣಗೆ, ಒಂದೇ ಸಮನೆ ಸರ್ ಎನ್ನುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಸ್ವಲ್ಪ ಹೊತ್ತು ನೋಡಿದಳು.

"ತಿರುಗ್ತಿದೆಯಾ, ನಿಂತಿದೆಯಾ?"

"ತಿರುಗ್ತಿದೆ ಕಣೇ!"

"ಗೊತ್ತೇ ಆಗಲ್ವಲ್ಲ ರೀ!"

ಅವನಿಗೆ ಅವತ್ತು ಊಟ ಮಾಡಿಲ್ಲವೆಂಬುದೂ ಮರೆತುಹೋಯಿತು.

ಸಂಜೆ ಗುಮಾಸ್ತ ಗುಡ್ಡ ಹತ್ತಿದ. ತುಳಿಯಲಿಲ್ಲ, ತಳ್ಳಲಿಲ್ಲ, ಸುಮ್ಮನೆ ಕೂತ, ಗುಡ್ಡವೇ ಕೆಳಗಿಳಿಯಿತು. ದಿನವೂ ಏದುಸಿರು ಬಿಡುತ್ತ ಒರಗುತ್ತಿದ್ದ ದೀಪದ ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಚೈನು ತುಟಿಪಿಟಕ್ಕೆನ್ನದೆ ಓಡಿತು. ಕಂಪನಿಯ ಮುಂದೆ ಒಂದು ಸುತ್ತು ಹೊಡೆದು ವಾಪಸು ಬರುವುದೆಂದು ಲೆಕ್ಕ. ಆದರೆ ಯಜಮಾನರ ಮನೆ ಕಂಪನಿಯ ಪಕ್ಕದಲ್ಲೇ, ಅವರು ಜಗಲಿಯ ಮೇಲೇ ನಿಂತಿದ್ದರು. ದೊಡ್ಡ ಮೈಯ, ದೊಡ್ಡ ಮೀಸೆಯ, ಯಾವುದನ್ನೂ ಸುಲಭಕ್ಕೆ ಮೆಚ್ಚದ ಮನುಷ್ಯ.

"ಯಾರದು? ಲೇಟಪ್ಪಾ? ಭಾನುವಾರ ಬಂದಿದೀಯಲ್ಲೋ! ನಿನ್ನೆ ಹೊರಟವನು ಈಗ ಮುಟ್ಟಿದ್ಯಾ?"

"ಇಲ್ಲ ಸಾರ್. ಗಾಡಿ ತೋರಿಸೋಣ ಅಂತ. ನಾಳೆಯಿಂದ ಗಂಟೆಗೆ ಮುಂಚೆ ಬಾಗಿಲಲ್ಲಿರ್ತೀನಿ."

ಯಜಮಾನರು ಇಳಿದು ಬಂದರು. ಎಂಜಿನ್ನನ್ನು ನೋಡಿದರು, ಹಲ್ಲುಚಕ್ರವನ್ನು ನೋಡಿದರು, ಗಾಲಿಯನ್ನು ಎತ್ತಿ ತಿರುಗಿಸಿ ನೋಡಿದರು. ಮೀಸೆಯ ಕೆಳಗೆ ಏನೋ ಕದಲಿತು. ಬಾಲ್ಯದಲ್ಲಿ ಅವರಿಗೆ ಸೈಕಲ್ ಕಲಿಯಲು ಯಾರೂ ಬಿಟ್ಟಿರಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ಹಿಂದೆ ಒಬ್ರು ಕೂರಬಹುದಾ?"

ಕೂತರು. ಟಯರು ಅರ್ಧ ಕುಗ್ಗಿತು, ಹಲ್ಲುಚಕ್ರ ಕುಗ್ಗಲಿಲ್ಲ. ಇಳಿಜಾರಿನಲ್ಲಿ ಗಾಳಿ ಬೀಸತೊಡಗಿದಾಗ ಯಜಮಾನರು, "ಮೆಲ್ಲಗೆ!" ಎಂದರು. ಸ್ವಲ್ಪ ಹೊತ್ತಿಗೆ, "ಪರವಾಗಿಲ್ಲ," ಎಂದರು. ಗುಮಾಸ್ತ ಎರಡು ಸಲ ಗಾಡಿ ತಿರುಗಿಸಲು ಹೋದಾಗಲೂ ಅವರ ಕೈ ಇವನ ಹೆಗಲನ್ನು ಒತ್ತಿತು. "ಇನ್ನೂ ಸ್ವಲ್ಪ ಹೋಗೋಣ, ಲೇಟಪ್ಪ." ಹಾಗೇ ಸ್ವಲ್ಪ ಸ್ವಲ್ಪವಾಗಿ ಗುಡ್ಡವಿಡೀ ಮುಗಿದು, ಗಾಡಿ ಗುಮಾಸ್ತನ ಮನೆಯೆದುರಿಗೇ ನಿಂತಿತು.

ಯಜಮಾನರು ಇಳಿದು ಮೀಸೆ ಸರಿಮಾಡಿಕೊಂಡರು. ಅವರ ಕಣ್ಣು ಬೀದಿಯ ಆಚೆಬದಿಗೆ ಹೋಗಿ ಅಲ್ಲೇ ನಿಂತಿತು. ಅಲ್ಲೊಂದು ಉದ್ದನೆಯ ಗೋದಾಮು, ಬಾಗಿಲಿಗೆ ಬೀಗ.

"ಇದು ಯಾರದಯ್ಯಾ?"

ಉತ್ತರ ಮಹಡಿಯಿಂದ ಬಂತು. "ನನ್ನ ತಂಗೀದು. ಖಾಲಿ ಇದೆ. ಬೀಗದ ಕೈ ನನ್ನ ಹತ್ರನೇ ಇದೆ, ಬಂದೆ!"

ಗಾರ್ಡ್ ಮಾವ ಬಂದು ಬಾಗಿಲು ತೆಗೆದರು. ಯಜಮಾನರು ಒಳಗೆ ಹೋಗಿ ಗೋಡೆ ಮುಟ್ಟಿದರು, ಸೂರು ನೋಡಿದರು. "ಒಣಗಿದೆ," ಎಂದರು ಸಂತೋಷದಿಂದ. "ನಮ್ಮ ಕಟ್ಟಡ ಸೋರಿ ಸೋರಿ, ಅಂಟು ಹಾಕೋಕೆ ಮುಂಚೆನೇ ಲಕೋಟೆ ಅಂಟ್ಕೊಳ್ತಿದೆ. ಇಂಥ ಜಾಗ ಎಷ್ಟು ದಿನದಿಂದ ಹುಡುಕ್ತಿದ್ದೆ! ಲೇಟಪ್ಪ, ನಿನ್ನ ಹಿಂದೆ ಕೂತಿದ್ದಕ್ಕೆ ಸಿಕ್ಕಿತು ನೋಡು. ಮಾತು ಪಕ್ಕಾ. ನಾಳೆ ಬಾಗಿಲು ತೆಗೆಯೋದೇ ಇಲ್ಲಿ."

ಗುಮಾಸ್ತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಪನಿ ಮನೆಯೆದುರಿಗೆ! ಗಂಟೆಯ ಮೊದಲ ಏಟಿಗೆ ಚಪ್ಪಲಿ ಮೆಟ್ಟಿಕೊಂಡರೂ ಕೊನೆಯ ಏಟಿಗೆ ಒಳಗಿರಬಹುದು. ಅವನು ಮನೆಗೆ ಓಡಿ ಹೆಂಡತಿಗೆ ಹೇಳಿದ. ಅವಳು, "ಇನ್ಮೇಲೆ ಮಧ್ಯಾಹ್ನ ಬಿಸಿ ಊಟ," ಎಂದಳು. ಅತ್ತೆ ಕೂಡ ಬೆಳಗಿನಿಂದ ಮೊದಲ ಸಲ ಯಾರನ್ನೂ ಕೇಳದೆ ಒಂದು ಪಾತ್ರೆ ಇಳಿಸಿದರು.

ಯಜಮಾನರು ಒಳಗೆ ಬಂದು ನೀರು ಕೇಳಿದರು. ಕುಡಿದು, ಲೋಟ ಕೆಳಗಿಟ್ಟು ಹೇಳಿದರು.

"ಕೆಲಸದೋರೆಲ್ಲ ಈ ಕಡೆಯೋರೇ, ಎಲ್ಲರಿಗೂ ಅನುಕೂಲ ಆಯ್ತು. ಈಗ ದೂರ ಆಗಿದ್ದು ನನ್ನೊಬ್ಬನಿಗೇ."

"ಅಯ್ಯೋ, ಹೌದಲ್ಲ ಸಾರ್," ಎಂದ ಗುಮಾಸ್ತ. ಅವನಿಗೆ ನಿಜಕ್ಕೂ ಮರುಕ ಹುಟ್ಟಿತು.

"ಅದಕ್ಕೇನು, ನೀನಿದ್ದೀಯಲ್ಲ. ದಿನಾ ಬೆಳಿಗ್ಗೆ ಗಾಡಿ ತಗೊಂಡು ಮೇಲೆ ಬಾ, ನನ್ನ ಕೂರಿಸ್ಕೊಂಡು ಕೆಳಗೆ ಬಾ. ಸಂಜೆ ಮೇಲೆ ಬಿಟ್ಟು ವಾಪಸು ಬಾ. ಗಂಟೆ ಹೊಡೆಸೋನೇ ನಾನು, ಹಾಗಾಗಿ ಎಲ್ಲರಿಗಿಂತ ಮುಂಚೆ ಇಲ್ಲಿರಬೇಕು. ನೀನು ಅದಕ್ಕಿಂತ ಮುಂಚೆ ಅಲ್ಲಿರಬೇಕು."

ಗುಮಾಸ್ತ ಲೆಕ್ಕ ಹಾಕಿದ. ಇಷ್ಟು ದಿನ ಗುಡ್ಡ ಹತ್ತುತ್ತಿದ್ದದ್ದು ದಿನಕ್ಕೆ ಒಂದು ಸಲ. ಇನ್ನು ಎರಡು ಸಲ. ಎದುರುಮನೆಯ ಕೆಲಸಕ್ಕೆ.

"ಸಾರ್," ಎಂದ. "ಗಾಡಿ ಅಷ್ಟು ನಂಬೋ ಹಾಗಿಲ್ಲ. ಆ ಹಲ್ಲುಚಕ್ರ ಇದೆಯಲ್ಲ, ಅದು ಲೂಸು. ಬೆಳಿಗ್ಗೆ ಚೈನು ಕಳಚಿ ನನ್ನ ಪ್ಯಾಂಟೇ ಹೋಯ್ತು. ದೊಡ್ಡೋರು ನೀವು, ಏನಾದ್ರೂ ಆದ್ರೆ..."

"ಲೂಸಾ?" ಕಿಟಕಿಯಿಂದ ಪೈಲ್ವಾನನ ಮುಖ ಕಾಣಿಸಿಕೊಂಡಿತು. ಅವನಿಗೆ ಬಹಳ ನೋವಾಗಿತ್ತು. "ಏನಣ್ಣಾ ಹೀಗಂತೀರ? ನಾನು ನನ್ನ ಕೈಯಾರೆ ಬಿಗಿದಿದ್ದು!"

"ನಾನು ಹಿಡ್ಕೊಂಡು ಕೂರಿಸಿದ್ದು," ಎಂದರು ಬಾಗಿಲಲ್ಲಿ ನಿಂತ ಗಾರ್ಡ್ ಮಾವ. "ನನ್ನ ಕುರ್ಚಿ ಬೋಲ್ಟು ಅದರಲ್ಲಿದೆ ಸ್ವಾಮಿ. ಇವನಿಗೆ ಸಂಕೋಚ, ತಾನು ಮಾಡಿದ್ದನ್ನ ತಾನೇ ಹೊಗಳ್ಕೊಳ್ಳಲ್ಲ. ನೀವು ನಿಶ್ಚಿಂತೆಯಾಗಿ ಕೂತ್ಕೊಳ್ಳಿ."

ಯಜಮಾನರು ಗುಮಾಸ್ತನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನೂ ತಟ್ಟಿದ್ದನ್ನು ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಗುಮಾಸ್ತ ಪಾನ ತೆಗೆದುಕೊಂಡು ಹೊರಗೆ ಹೋಗಿ, ಗಾಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಒಂದು ನಟ್ಟಿಗೆ ಪಾನ ಹಾಕಿ ಸಡಿಲಿಸಲು ಎಡಕ್ಕೆ ಎಳೆದ. ಜಗ್ಗಲಿಲ್ಲ. ಮಧ್ಯಾಹ್ನವೆಲ್ಲ ಕೂತು ಬಿಗಿದದ್ದು. ಎಳೆದಷ್ಟೂ ತನ್ನ ಅಂಗೈಯೇ ಕೆಂಪಾಯಿತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಎಳೆಯುತ್ತಿದ್ದಾಗ ಹಿಂದಿನಿಂದ ಒಂದು ದೊಡ್ಡ ಕೈ ಬಂದು ಪಾನವನ್ನು ತೆಗೆದುಕೊಂಡಿತು.

"ಬಿಡಿ ಅಣ್ಣಾ, ನಾನಿಲ್ವಾ?" ಎಂದ ಪೈಲ್ವಾನ್. "ಯಜಮಾನ್ರು ಕೂರೋ ಗಾಡಿ. ಒಂದು ಸಲ ಎಲ್ಲ ನೋಡ್ಬಿಡೋಣ."

ಒಂಬತ್ತನ್ನೂ ನೋಡಿದ. ಈ ಸಲ ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಬೆಳಿಗ್ಗೆ ಒಂದನ್ನು ಮುರಿದ ಮೇಲೆ, ಹದ ಎಂದರೇನೆಂದು ಅವನಿಗೆ ಇವತ್ತೇ ತಿಳಿದಿತ್ತು.

ಯಜಮಾನರು ಬಂದು ಹಿಂದೆ ಕೂತು, ಗುಮಾಸ್ತನ ಎರಡೂ ಹೆಗಲನ್ನು ಹಿಡಿದುಕೊಂಡರು. "ಹೊರಡು ಲೇಟಪ್ಪ, ಕತ್ತಲಾಗತ್ತೆ."

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಾಡಿ ಇಬ್ಬರನ್ನು ಹೊತ್ತು ಏರಿನ ಬುಡ ಮುಟ್ಟಿತು, ಒಂದು ಕ್ಷಣ ಗೊರಗುಟ್ಟಿತು, ಹತ್ತತೊಡಗಿತು. ಚೈನು ಕಳಚಲಿಲ್ಲ. ಹಲ್ಲುಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.